ಸಾರ್ಜೆಂಟಿಗೆ ಕೊಟ್ಟ ತಾಂಬೂಲ

ನನ್ನ ಮೊಮ್ಮಗಳನ್ನು ಸೈನ್ಯಕ್ಕೆ ಯಾರೂ ಎಳೆದುಕೊಂಡು ಹೋಗಲಿಲ್ಲ. ಯಾರೂ ಅವಳ ತಲೆ ಕೆಡಿಸಲಿಲ್ಲ, ಯಾರ ಕಣ್ಣೂ ಬೀಳಲಿಲ್ಲ. ಅಪ್ಪ ಜೊತೆಯಲ್ಲಿ ಇಲ್ಲದ್ದಕ್ಕೆ ಹೀಗಾಯಿತು ಅನ್ನುವುದೂ ಸುಳ್ಳು. ಅವಳಿಗೆ ಹೋಗಬೇಕು ಅನ್ನಿಸಿತು, ಹೋದಳು. ಕೆಟ್ಟದ್ದು ಏನಾದರೂ ನಡೆದಿದ್ದರೆ ಅದು ನಮ್ಮ ಮನೆಯ ಒಳಗೆ, ನನ್ನ ಮಗಳಿಗೂ ಅವಳ ಮಗಳಿಗೂ ನಡುವೆ. ನಮ್ಮ ಪರಿಚಯದವರು ಒಬ್ಬೊಬ್ಬರು ಒಂದೊಂದು ಕತೆ ಹೇಳಿಕೊಂಡು ತಿರುಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಪಶ್ಚಿಮ ತೀರದ ನೆವಾರ್ಕಿನಲ್ಲಿ ಸಾಲುಮನೆಯೊಂದರಲ್ಲಿ ನಾವು ಮೂವರು ಹೆಂಗಸರು ಇದ್ದವರು. ಅಳಿಯ ಅನ್ನಿಸಿಕೊಂಡವನು, ಹುಡುಗಿ ಇನ್ನೂ ತೊದಲು ಮಾತಾಡುವಾಗಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿಕೊಂಡು ಟೆಕ್ಸಾಸಿಗೆ ಹೋದ. ಮಗಳು ಫೋನಿನಲ್ಲಿ "ಅಮ್ಮ, ಬಾ" ಅಂದಳು, ಅಷ್ಟೇ. ನಾನು ಮೈಸೂರಿನಲ್ಲಿ ಹಪ್ಪಳ ಸಂಡಿಗೆ ಮಾಡಿ ಮಾರುತ್ತಿದ್ದವಳು. ಗಂಡ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಬಾಡಿಗೆ ಮನೆಯ ಬೀಗದ ಕೈ ಓನರಿಗೆ ಒಪ್ಪಿಸಿ ಬಂದೆ. ನಾಲ್ಕನೇ ಕ್ಲಾಸು ಓದಿದವಳಿಗೆ ಈ ದೇಶದಲ್ಲಿ ಮಗು ನೋಡಿಕೊಳ್ಳುವುದು ಬಿಟ್ಟು ಬೇರೇನು ಕೆಲಸ ಸಿಗುತ್ತದೆ? ಅದನ್ನೇ ಮಾಡಿದೆ. ಮಗಳು ಎಮರಿವಿಲ್ಲಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಹೋಗುತ್ತಾಳೆ. ಬೆಳಗ್ಗೆ ಫ್ರೀವೇ ಹತ್ತಿದರೆ ಸಂಜೆ ಇಳಿಯುತ್ತಾಳೆ. ಹಾಗಾಗಿ ಮೊಮ್ಮಗಳು ಬೆಳೆದದ್ದು ನನ್ನ ಕೈಯಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವುದು ಮಾತ್ರ ಅರ್ಧಂಬರ್ಧ.

ಅವಳು ಹೇವರ್ಡಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಅಲ್ಲೇ ಒಂದು ವೇರ್‌ಹೌಸಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ವಯಸ್ಸು ಇಪ್ಪತ್ತೆರಡು. ಆ ಬೇಸಗೆಯ ಮೊದಲಲ್ಲಿ ನಮ್ಮ ಅಡುಗೆಮನೆಯಿಂದ ಅಕ್ಕಿ ಚೀಲ ಕಾಣೆಯಾಯಿತು. ಮಗಳು ಇಂಡಿಯನ್ ಗ್ರೋಸರಿಯಿಂದ ತಂದಿದ್ದ, ಇನ್ನೂ ಒಡೆಯದ ಸೋನಾ ಮಸೂರಿ. ಸಂಜೆ ನೋಡಿದರೆ ಇದ್ದ ಜಾಗದಲ್ಲೇ ಇದೆ. ಮಾರನೆಯ ದಿನ ಮತ್ತೆ ಇಲ್ಲ. ನನಗೆ ತಲೆ ಕೆಟ್ಟಿದೆಯೋ ಏನೋ ಅಂದುಕೊಂಡೆ. ಒಂದು ಬೆಳಗ್ಗೆ ಕಿಟಕಿಯಲ್ಲಿ ನೋಡುತ್ತೇನೆ, ಮೊಮ್ಮಗಳು ಬೆನ್ನಿಗೆ ದೊಡ್ಡ ಬ್ಯಾಗು ಏರಿಸಿಕೊಂಡು ಏದುಸಿರು ಬಿಡುತ್ತಾ ಬೀದಿ ಸುತ್ತಿ ಬರುತ್ತಿದ್ದಾಳೆ. ಬ್ಯಾಗಿನೊಳಗೆ ನನ್ನ ಅಕ್ಕಿ.

"ಇದೇನೇ, ಗಿರಣಿಗೆ ಹೋಗಿದ್ಯಾ?" ಅಂದೆ.

"ಅಜ್ಜಿ, ಜಸ್ಟ್ ಎಕ್ಸರ್‌ಸೈಜ್. ವೇಯ್ಟ್ ಬೇಕು ಅದಕ್ಕೆ."

"ಚೀಲ ಹರಿದು ಬೀದಿಯೆಲ್ಲ ಅಕ್ಕಿ ಚೆಲ್ಲಿದ್ರೆ ಒಂದೊಂದೇ ಕಾಳು ನೀನೇ ಆರಿಸ್ಬೇಕು."

ನಕ್ಕು ಸ್ನಾನಕ್ಕೆ ಹೋದಳು. ತೂಕ ಇಳಿಸುತ್ತಿದ್ದಾಳೆ ಅಂದುಕೊಂಡು ನಾನು ಸುಮ್ಮನಾದೆ. ಈ ಊರಿನಲ್ಲಿ ಜನ ಏನೇನೋ ಹೊತ್ತುಕೊಂಡು ಓಡುತ್ತಾರೆ.

ಒಂದು ಭಾನುವಾರ ದೋಸೆ ಹೊಯ್ಯುವಾಗ ವಿಷಯ ಹೊರಗೆ ಬಂತು. ಮಗಳು ಕಾವಲಿಯ ಮುಂದೆ ನಿಂತಿದ್ದಳು, ನಾನು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದೆ. ಮೊಮ್ಮಗಳು ತಟ್ಟೆ ಮುಂದಿಟ್ಟುಕೊಂಡು ಕೂತವಳು, ಉಪ್ಪು ಕೇಳುವಷ್ಟೇ ಸಲೀಸಾಗಿ ಹೇಳಿದಳು.

"ಅಮ್ಮ, ನಾನು ಆರ್ಮಿ ಸೇರ್ತಾ ಇದ್ದೀನಿ. ಆಲ್ರೆಡಿ ಸೈನ್ ಮಾಡ್ದೆ."

ಮಗಳು ತಿರುಗಲಿಲ್ಲ. ದೋಸೆಯ ಅಂಚು ಕಂದಿತು, ಆಮೇಲೆ ಕಪ್ಪಾಯಿತು, ಹೊಗೆ ಎದ್ದಿತು. ನಾನೇ ಹೋಗಿ ಸ್ಟವ್ ಆರಿಸಿದೆ.

"ಯಾಕೆ?" ಅಂದಳು ಮಗಳು, ಗೋಡೆ ನೋಡಿಕೊಂಡೇ.

"ಇಡೀ ದಿನ ಸ್ಕ್ರೀನ್ ನೋಡ್ತೀನಿ ಅಮ್ಮ. ಯಾವ ಬಾಕ್ಸ್ ಎಲ್ಲಿದೆ, ಯಾವ ಟ್ರಕ್ ಲೇಟ್. ದಟ್ಸ್ ಇಟ್. ನನಗೆ ಮೆಡಿಕ್ ಆಗ್ಬೇಕು. ಗಾಯ ಆದವರ ಹತ್ರ ಫಸ್ಟ್ ಹೋಗೋರು. ಟ್ರೇನಿಂಗ್ ಅವರೇ ಕೊಡ್ತಾರೆ."

"ಗಾಯ ಆಗೋ ಜಾಗಕ್ಕೇ ಹೋಗ್ಬೇಕಲ್ಲ ಅದಕ್ಕೆ."

"ಯೆಸ್," ಅಂದಳು ಹುಡುಗಿ. ಸುಳ್ಳು ಹೇಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇಲ್ಲ.

ಅವತ್ತಿನಿಂದ ನನ್ನ ಮಗಳು ಕೂತದ್ದನ್ನು ನಾನು ನೋಡಲಿಲ್ಲ. ಊಟವನ್ನೂ ನಿಂತೇ ಮಾಡುವಳು. ಸೋಫಾ ಕಿಟಕಿಯ ಹತ್ತಿರ ಎಳೆದಳು, ಎರಡು ದಿನ ಬಿಟ್ಟು ಗೋಡೆಗೆ ತಳ್ಳಿದಳು. ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಳು. ತೊಗರಿಬೇಳೆ ಇದ್ದದ್ದಕ್ಕೆ ಕಡಲೆಬೇಳೆ ತುಂಬಿದಳು, ನಾನು ಸಾರಿಗೆ ಕಡಲೆಬೇಳೆ ಹಾಕಿ ಬೇಯಿಸಿ ಅದನ್ನೇ ಎಲ್ಲರೂ ತಿಂದೆವು. ಆಫೀಸಿಗೆ ಹೊರಟವಳು ಹೇವರ್ಡ್ ದಾಟುವ ಮೊದಲೇ ವಾಪಸು ಬಂದು ಗ್ಯಾಸ್ ಆರಿಸಿದ್ದೀಯಾ ಅಂತ ಕೇಳುವಳು. ಗ್ಯಾಸಿನ ಯೋಚನೆ ಅವಳಿಗೆ ಇರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಮೀಟಿಂಗು ಮಾಡುವಾಗ ಕಿವಿಗೆ ಫೋನು ಸಿಕ್ಕಿಸಿಕೊಂಡು ಗರಾಜಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಅವಳ ಚಪ್ಪಲಿಯ ಸದ್ದು ಕೇಳಿಕೇಳಿ ನನಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಬೇಡದಿದ್ದರೂ ಬೆಳ್ಳುಳ್ಳಿ ಸುಲಿದು ರಾಶಿ ಹಾಕಿದೆ. ಬೀದಿಯ ತುದಿಯವರೆಗೆ ನಡೆದು, ಅಲ್ಲಿಂದ ಕಾಣುವ, ಉಪ್ಪಿನ ಕಾರ್ಖಾನೆಯವರು ರಾಶಿ ಹಾಕಿದ ಉಪ್ಪಿನ ಬೆಳ್ಳನೆಯ ಗುಡ್ಡ ನೋಡಿ, ಅದರಲ್ಲಿ ನೋಡುವಂಥದ್ದೇನೂ ಇಲ್ಲದೆ ವಾಪಸು ಬರುತ್ತಿದ್ದೆ.

ಒಂದು ದಿನ ಗರಾಜಿನಲ್ಲಿ ಏನೋ ಗೋಡೆಗೆ ಬಡಿದ ಸದ್ದಾಯಿತು. ಹೋಗಿ ನೋಡಿದರೆ ಫೋನು ಕೆಳಗೆ ಬಿದ್ದಿತ್ತು. ಇಷ್ಟು ವರ್ಷ ಮಾತಾಡದಿದ್ದ ಆ ಗಂಡನಿಗೆ ಫೋನು ಮಾಡಿದ್ದಳಂತೆ, ಅವನಾದರೂ ಹುಡುಗಿಗೆ ಬುದ್ಧಿ ಹೇಳಲಿ ಅಂತ.

"ಏನಂದ?"

"ಹೆಮ್ಮೆ ಆಗತ್ತಂತೆ ಅವನಿಗೆ."

"ಹೆಮ್ಮೆ ಪಡೋದಕ್ಕೆ ಅವನ ಮನೇದೇನು ಗಂಟು ಹೋಗತ್ತೆ? ಬಾ, ಕಾಫಿ ಕುಡಿ."

"ಅಮ್ಮ, ನೀನಾದ್ರೂ ಅವಳಿಗೆ ಹೇಳು."

"ನೀನು ಅಮೆರಿಕಕ್ಕೆ ಹೊರಟಾಗ ನನ್ನ ಕೇಳಿದ್ಯಾ?"

"ನಾನು ಕಂಪ್ಯೂಟರ್ ಹಿಡ್ಕೊಂಡು ಹೊರಟೆ. ಗನ್ ಹಿಡ್ಕೊಂಡು ಅಲ್ಲ."

ಫೋನು ಎತ್ತಿ ಒರೆಸಿ ಕೊಟ್ಟೆ.

ಮಗಳಿಗೆ ಉಡುಪಿ ಕಡೆಯ ಒಬ್ಬ ಗೆಳತಿ ಇದ್ದಾಳೆ. ಒಳ್ಳೆಯವಳೇ, ಆದರೆ ಯಾರ ಮನೆಯಲ್ಲಿ ಏನಾದರೂ ಅದಕ್ಕೆ ಮದುವೆಯೇ ಔಷಧಿ ಅನ್ನುವವಳು. ಸುದ್ದಿ ತಿಳಿದದ್ದೇ ಒಂದು ಡಬ್ಬಿ ಪತ್ರೊಡೆ ಹಿಡಿದುಕೊಂಡು ಬಂದಳು.

"ಎಂತ ಮಾರಾಯ್ತಿ ನೀನು, ಸುಮ್ಮನೆ ಕೂತಿದ್ದಿ? ಒಂದು ಒಳ್ಳೆ ಹುಡುಗನನ್ನು ತೋರಿಸಿಬಿಡುವ. ಮತ್ತೆ ಅವನೇ ಹಿಡಿದು ನಿಲ್ಲಿಸ್ತಾನೆ. ಅಲ್ವಾ ಅಮ್ಮ?" ಅಂತ ನನ್ನ ಕಡೆ ತಿರುಗಿದಳು.

"ನನ್ನ ಅಳಿಯ ಯಾರನ್ನ ಹಿಡಿದು ನಿಲ್ಲಿಸಿದ್ನಮ್ಮ?" ಅಂದೆ.

ಪತ್ರೊಡೆ ಚೆನ್ನಾಗಿತ್ತು. ಹುಡುಗನ ಮಾತು ಅಲ್ಲಿಗೇ ನಿಂತಿತು.

ಈಗ ಸಾರ್ಜೆಂಟ್ ಬಂದ ವಿಷಯ. ಹುಡುಗರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಆಫೀಸು ಒಂದು ಅಂಗಡಿ ಸಾಲಿನಲ್ಲಿದೆ, ಡೋನಟ್ ಅಂಗಡಿಯ ಪಕ್ಕ. ಅಲ್ಲಿಯ ಸಾರ್ಜೆಂಟ್, ಮನೆಯವರಿಗೆ ಏನಾದರೂ ಕೇಳುವುದಿದ್ದರೆ ತಾನೇ ಬಂದು ಹೇಳುತ್ತೇನೆ ಅಂದರಂತೆ. ಮಗಳು ಬರಲಿ ಅಂದಳು. ಕೇಳುವುದು ಅವಳ ಹತ್ತಿರ ಬೇಕಾದಷ್ಟಿತ್ತು. ನನಗೆ ಮಾತ್ರ ಒಂದು ಆರ್ಡರು ಆಯಿತು: "ನೀರು ಬಿಟ್ಟು ಏನೂ ಕೊಡಬೇಡ. ನಾವೇನೂ ಖುಷಿಯಾಗಿಲ್ಲ ಅಂತ ಅವರಿಗೆ ಗೊತ್ತಾಗ್ಬೇಕು."

ಅವತ್ತು ಶನಿವಾರ. ಹಿಂದಿನ ದಿನ ವರಮಹಾಲಕ್ಷ್ಮಿ ಹಬ್ಬ ಆಗಿತ್ತು. ಮಗಳಿಗೆ ಮನಸ್ಸಿಲ್ಲದಿದ್ದರೂ, ಗಂಡನಿಲ್ಲದವಳಿಗೆ ಇದೆಲ್ಲ ಸಲ್ಲದು ಅನ್ನುವವರಿದ್ದರೂ, ನಾನು ಬಿಡದೆ ಕಲಶ ಇಟ್ಟಿದ್ದೆ. ಬಂದವರಿಗೆಲ್ಲ ಕೊಟ್ಟು ಉಳಿದಿದ್ದ ಒಂದು ತಾಂಬೂಲದ ತಟ್ಟೆ ದೇವರ ಮುಂದೆ ಹಾಗೇ ಇತ್ತು: ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಹಸಿರು ರವಿಕೆ ಕಣ.

ನಾನು ಗಂಡಸು ಬರುತ್ತಾನೆ ಅಂದುಕೊಂಡಿದ್ದೆ. ಬಂದವಳು ಹೆಂಗಸು. ಅವಳ ಹಿರಿಯರು ಫಿಲಿಪೈನ್ಸ್ ಕಡೆಯವರಂತೆ, ಅವಳು ಹುಟ್ಟಿ ಬೆಳೆದದ್ದು ಹೇವರ್ಡು. ಬಾಗಿಲಲ್ಲಿ ನಮ್ಮ ಚಪ್ಪಲಿ ನೋಡಿ, ಯಾರೂ ಹೇಳದೆ, ಬಗ್ಗಿ ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಆ ಬೂಟು ಮೊಣಕಾಲಿನ ಕೆಳಗಿನವರೆಗೂ ಇತ್ತು. ಒಂದು ಬಿಚ್ಚಿ ಇನ್ನೊಂದು ಬಿಚ್ಚುವವರೆಗೆ ನಾವು ಮೂವರೂ ಸಾಲಾಗಿ ನಿಂತು ನೋಡಿದೆವು. ಬೇಡ ಅನ್ನಲು ಮಗಳಿಗೆ ಬಾಯಿ ಬರಲಿಲ್ಲ.

ಮಗಳು ಕೇಳಿದಳು, ಅವಳು ಹೇಳಿದಳು, ಮೊಮ್ಮಗಳು ನನಗೆ ಅಲ್ಲಲ್ಲಿ ಕನ್ನಡದಲ್ಲಿ ತಿಳಿಸಿದಳು. ಎಲ್ಲಿಗೆ ಕಳಿಸುತ್ತೀರಿ? ಈಗಲೇ ಹೇಳಲಾಗುವುದಿಲ್ಲ. ಮಾಂಸ ತಿನ್ನದವರಿಗೆ ಏನು ಕೊಡುತ್ತೀರಿ? ಸಿಗುತ್ತದೆ, ಆದರೆ ರುಚಿಯ ಭರವಸೆ ಇಲ್ಲ. ಯುದ್ಧ ಆದರೆ? ಆದರೆ ಹೋಗಬೇಕಾಗುತ್ತದೆ. ಅವಳಿಗೆ ಏನೂ ಆಗುವುದಿಲ್ಲ ಅಂತ ಬರೆದು ಕೊಡುತ್ತೀರಾ? ಇಲ್ಲ ಮೇಡಂ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ತನ್ನ ತಾಯಿಯೂ ತಾನು ಸೇರಿದಾಗ ಒಂದು ವರ್ಷ ಮಾತು ಬಿಟ್ಟಿದ್ದಳು ಅಂತಲೂ ಹೇಳಿದಳು. ಆಮೇಲೆ, ಹೊರಡುವ ದಿನ ಮಧ್ಯಾಹ್ನ ತಾನೇ ಬಂದು ಹುಡುಗಿಯನ್ನು ಕರೆದೊಯ್ಯುವುದಾಗಿಯೂ, ಅವತ್ತು ಹೋಟೆಲಿನಲ್ಲಿ ಇರಿಸಿ ಮಾರನೆಯ ಬೆಳಗ್ಗೆ ಸ್ಯಾನ್ ಹೋಸೆಯಲ್ಲಿ ಪ್ರಮಾಣ ಮಾಡಿಸುವುದಾಗಿಯೂ, ಅದಕ್ಕೆ ಮನೆಯವರು ಬಂದು ನಿಲ್ಲಬಹುದು, ಅಲ್ಲಿಂದ ಸೀದಾ ವಿಮಾನ ಅಂತಲೂ ತಿಳಿಸಿದಳು.

ಎದ್ದು ನಿಂತಳು. ಹೆಂಗಸು, ಹಬ್ಬದ ಮಾರನೆಯ ದಿನ, ಬರೀ ನೀರು ಕುಡಿದು ನಮ್ಮ ಮನೆಯಿಂದ ಹೊರಟಿದ್ದಾಳೆ. ನನ್ನ ಕಾಲು ತಾನಾಗಿ ದೇವರ ಕಡೆ ಹೋಯಿತು. ಕುಂಕುಮದ ಬಟ್ಟಲು ತಂದು ಅವಳ ಹಣೆಗೆ ಇಟ್ಟೆ. ಅವಳು ತಲೆ ಬಗ್ಗಿಸಿದಳು. ತಟ್ಟೆಯಲ್ಲಿದ್ದದ್ದನ್ನೆಲ್ಲ ಕೊಟ್ಟೆ. ಎರಡು ಕೈಯಲ್ಲಿ ತೆಗೆದುಕೊಂಡಳು, ತೆಂಗಿನಕಾಯಿ ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಕೂತು ಬೂಟು ಹಾಕಿಕೊಂಡಳು.

ಬಾಗಿಲು ಹಾಕಿ ತಿರುಗಿದರೆ ಮಗಳ ಮುಖ ಬಿಳುಚಿಕೊಂಡಿತ್ತು.

"ಅಮ್ಮ, ಏನ್ ಮಾಡ್ದೆ ಗೊತ್ತಾ ನಿನಗೆ?"

"ಕುಂಕುಮ ಕೊಟ್ಟೆ."

"ಕುಂಕುಮ ಅಲ್ಲ. ಎಲೆ, ಅಡಿಕೆ, ತೆಂಗಿನಕಾಯಿ. ಮನೆ ಹಿರಿಯಳು ನೀನು. ಹುಡುಗಿ ಪಕ್ಕದಲ್ಲೇ ನಿಂತಿದ್ಲು. ಎದುರಿಗೆ ಕರ್ಕೊಂಡು ಹೋಗೋರು. ಇನ್ನೇನು ಬಾಕಿ ಇತ್ತು? ಓಲಗ ಒಂದು."

"ಮನೆಗೆ ಬಂದ ಹೆಣ್ಣನ್ನ ಬರೀ ಕೈಲಿ ಕಳಿಸಕ್ಕಾಗತ್ತೇನೆ?"

"ನೀನು ತಾಂಬೂಲ ಕೊಟ್ಟೆ ಅಂದ್ರೆ ಮಾತು ಕೊಟ್ಟ ಹಾಗೆ. ನನ್ನ ಮಗಳನ್ನ ನೀನೇ ಒಪ್ಪಿಸಿಬಿಟ್ಟೆ."

"ಅವಳು ಸೈನ್ ಮಾಡಿ ತಿಂಗಳಾಯ್ತು ಕಣೇ. ನನ್ನ ಎರಡು ವೀಳ್ಯದೆಲೆಯಿಂದ ಏನಾಗತ್ತೆ?"

ನಾನು ಅಂದದ್ದು ಸರಿಯೇ. ಆದರೆ ನಮ್ಮ ಮನೆಗಳಲ್ಲಿ ತಾಂಬೂಲ ಅಂದರೆ ಏನು ಅಂತ ಮಗಳಿಗೆ ಕಲಿಸಿದವಳೂ ನಾನೇ. ಮೈಸೂರಿನಲ್ಲಿ ಅವಳ ನಿಶ್ಚಯಕ್ಕೆ ತಾಂಬೂಲ ಬದಲಾಯಿಸಿದ ಮೇಲೆ, ಹುಡುಗ ಅಷ್ಟಕ್ಕಷ್ಟೇ ಅಂತ ಒಬ್ಬರು ಕಿವಿಗೆ ಹಾಕಿದರೂ, ಮಾತು ಕೊಟ್ಟಾಗಿದೆ ಅಂತ ನಾವು ಮುಂದುವರಿದೆವು. ನಮ್ಮಣ್ಣನ ಮಗಳ ನಿಶ್ಚಯ ಮುರಿದಾಗ ಆ ಕಡೆಯವರ ತಾಂಬೂಲವನ್ನು ವಾಪಸು ಕಳಿಸಿ, ನಮ್ಮದನ್ನು ವಾಪಸು ತರಿಸಿಕೊಂಡಿದ್ದೆವು. ಅದೂ ಅವಳ ಕಣ್ಣೆದುರಿಗೇ ಆದದ್ದು.

ಸೋಮವಾರ ಮಗಳು ಆಫೀಸಿಗೆ ಹೋಗಲಿಲ್ಲ. ಮಧ್ಯಾಹ್ನದ ಮುಂಚೆ ಬಂದವಳು ಕೈಯಲ್ಲಿದ್ದ ಕವರನ್ನು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟಳು. ಒಳಗೆ ನನ್ನ ತೆಂಗಿನಕಾಯಿ, ಹಸಿರು ಕಣ, ಬಾಡಿದ ಎಲೆ.

"ವಾಪಸ್ ತಂದೆ," ಅಂದಳು. "ಮಾತು ಮುರೀತು."

ಎಂ.ಬಿ.ಎ. ಓದಿದವಳು ಕಾರು ಓಡಿಸಿಕೊಂಡು ಡೋನಟ್ ಅಂಗಡಿಯ ಪಕ್ಕದ ಆ ಆಫೀಸಿಗೆ ಹೋಗಿ, ಸೈನ್ಯದವರ ಮುಂದೆ ನಿಂತು, ನಮ್ಮ ತೆಂಗಿನಕಾಯಿ ವಾಪಸು ಕೊಡಿ ಅಂದಿದ್ದಾಳೆ. ನನಗೆ ನಗು ಬಂತು. ನಕ್ಕರೆ ಇನ್ನೊಂದು ರಾಮಾಯಣ ಅಂತ ಕೆಮ್ಮಿದೆ.

"ಬಾಳೆಹಣ್ಣೆಲ್ಲಿ?"

"ತಿಂದುಬಿಟ್ಟಿದ್ದಾರೆ."

"ಹಂಗಾದ್ರೆ ಪೂರ್ತಿ ಮುರೀಲಿಲ್ಲ ಬಿಡು."

ಅವಳು ಬಾಗಿಲು ಬಡಿದುಕೊಂಡು ಮೇಲೆ ಹೋದಳು. ಆಮೇಲೆ ಗೊತ್ತಾದದ್ದು: ಸಾರ್ಜೆಂಟ್ ಎಲೆಗಳನ್ನು ಯಾವುದೋ ಗಿಡದ ಕಡ್ಡಿ ಅಂದುಕೊಂಡು ಲೋಟದ ನೀರಿನಲ್ಲಿ ನಿಲ್ಲಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದಳಂತೆ. ಮಗಳು ಕೇಳಿದಾಗ ನೀರು ಒರೆಸಿ ಕೊಟ್ಟಳಂತೆ. ತಾನು ಏನು ತಪ್ಪು ಮಾಡಿದೆ ಅಂತ ತಿಳಿಯದೆ ಮೊಮ್ಮಗಳಿಗೆ ಫೋನು ಮಾಡಿ ಕ್ಷಮೆ ಕೇಳಿದಳಂತೆ. ಮೊಮ್ಮಗಳಿಗೆ ವಿಷಯ ತಿಳಿದದ್ದು ಹಾಗೆ.

ಸಂಜೆ ಕೆಲಸದಿಂದ ಬಂದವಳು ಬ್ಯಾಗು ಕೂಡ ಇಳಿಸಲಿಲ್ಲ.

"ಅಮ್ಮ, ನೀನು ನನ್ನ ಆಫೀಸ್‌ಗೆ ಹೋಗಿದ್ಯಾ? ಕೋಕನಟ್ ಕೇಳೋಕೆ?"

"ನಿನ್ನ ಆಫೀಸ್ ಅಲ್ಲ ಅದು."

"ಇಟ್ ಈಸ್ ನೌ. ಅಲ್ಲಿ ಬೇರೆ ಹುಡುಗ್ರು ಇದ್ರು. ನನ್ನ ಜೊತೆ ಹೋಗೋರು. ಎಲ್ಲರೂ ನೋಡಿದ್ರು. ಐ ಆಮ್ ಟ್ವೆಂಟಿ ಟೂ."

"ನಿನಗೆ ನಾಚಿಕೆ ಆಯ್ತಾ? ನನಗೆ ತಿಂಗಳಿಂದ ನಿದ್ದೆ ಇಲ್ಲ."

ಹುಡುಗಿ ನಿಧಾನವಾಗಿ, ಒಂದೊಂದು ಪದ ಹುಡುಕಿ, ಪೂರ್ತಿ ಕನ್ನಡದಲ್ಲಿ ಹೇಳಿದಳು.

"ನಾನು ಪ್ರಮಾಣ ಮಾಡೋ ದಿನ ನೀನು ಬರಬೇಡ."

ಮಗಳಿಗೆ ಅದು ತಗುಲಿತು. ಇಂಗ್ಲಿಷಿನಲ್ಲಿ ಅಂದಿದ್ದರೆ ಕೋಪದಲ್ಲಿ ಬಂದ ಮಾತು ಅಂತ ಬಿಡಬಹುದಿತ್ತು.

"ನಾನ್ಯಾಕೆ ಬರಲಿ," ಅಂದು ಮಗಳೂ ಗರಾಜಿಗೆ ಹೋದಳು.

ತೆಂಗಿನಕಾಯಿ ಕಟ್ಟೆಯ ಮೇಲೆ ಕೂತೇ ಇತ್ತು. ಯಾರೂ ಮುಟ್ಟಲಿಲ್ಲ. ಮೂರನೇ ದಿನ ನಾನು ಒಡೆದು ಇಡ್ಲಿಗೆ ಚಟ್ನಿ ಮಾಡಿದೆ. ಮೊಮ್ಮಗಳು ಎರಡು ಸಲ ಹಾಕಿಸಿಕೊಂಡಳು. ಮಗಳು ಚಟ್ನಿಪುಡಿಗೆ ಎಣ್ಣೆ ಕಲಸಿಕೊಂಡಳು, ನಿಂತುಕೊಂಡೇ.

ಆಮೇಲೆ ಹೊರಡುವ ದಿನದವರೆಗೆ ಅವರಿಬ್ಬರ ನಡುವೆ ಮಾತಿಲ್ಲ. ಎಲ್ಲವೂ ನನ್ನ ಮೂಲಕ. "ಅಜ್ಜಿ, ಅಮ್ಮಂಗೆ ಹೇಳು, ಕಾರ್ ಬೇಕು ನನಗೆ." "ಅವಳಿಗೆ ಹೇಳಮ್ಮ, ಪೆಟ್ರೋಲ್ ಹಾಕಿಸಿ ತರ್ಲಿ ಅಂತ." ಇಬ್ಬರೂ ಒಂದೇ ಟೇಬಲ್ಲಿನ ಆಚೆ ಈಚೆ. ನಾನು ಕೆಲವು ದಿನ ಮಾಡಿದೆ. ಆಮೇಲೆ, "ನಾನೇನು ಪೋಸ್ಟ್‌ಮ್ಯಾನಾ? ಇಬ್ಬರಿಗೂ ಬಾಯಿದೆ" ಅಂದೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ, ಇದ್ದ ಅಷ್ಟು ಮಾತೂ ನಿಂತಿತು. ಮನೆಯಲ್ಲಿ ಬಾಗಿಲು, ನಲ್ಲಿ, ಚಪ್ಪಲಿ ಇವುಗಳ ಸದ್ದು ಮಾತ್ರ.

ಹುಡುಗಿ ಕೆಲಸ ಬಿಟ್ಟಳು. ಉದ್ದ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದಳು. ಕತ್ತರಿಸಲೇಬೇಕು ಅಂತಿಲ್ಲ, ದಿನಾ ಬಿಗಿಯಾಗಿ ಕಟ್ಟಲು ಸಮಯ ಇರುವುದಿಲ್ಲ ಅಂದಳು. ಚಿಕ್ಕವಳಿದ್ದಾಗ ಆ ಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದವಳು ನಾನು. ಹಿಂದಿನಿಂದ ನೋಡಿದರೆ ಬೇರೆ ಯಾರದೋ ಮನೆಯ ಹುಡುಗಿ. "ತಲೆ ಹಗುರ ಆಯ್ತಾ?" ಅಂತ ಮಾತ್ರ ಕೇಳಿದೆ. ಮಗಳು ಮೆಟ್ಟಿಲಿನ ಮೇಲಿಂದ ನೋಡಿ ಹಾಗೇ ಹಿಂದಕ್ಕೆ ಹೋದಳು.

ಸೆಪ್ಟೆಂಬರಿನ ಕೊನೆಯಲ್ಲಿ ಹೊರಡುವ ದಿನ ಬಂತು. ಚಟ್ನಿಪುಡಿ, ಉಪ್ಪಿನಕಾಯಿ ಏನೂ ಒಯ್ಯುವಂತಿಲ್ಲವಂತೆ. ಏನೂ ಕಟ್ಟಿಕೊಡದೆ ಮಕ್ಕಳನ್ನು ಕಳಿಸುವುದು ನನಗೆ ಗೊತ್ತಿಲ್ಲ. ಬೆಳಗ್ಗೆಯಿಂದ ಕೈ ಏನನ್ನೋ ಹುಡುಕುತ್ತಿತ್ತು. ಕೊನೆಗೆ ಮಧ್ಯಾಹ್ನದ ಊಟಕ್ಕೇ ಬಿಸಿಬೇಳೆಬಾತು, ಶಾವಿಗೆ ಪಾಯಸ ಮಾಡಿ ಎದುರಿಗೆ ಕೂರಿಸಿಕೊಂಡು ತಿನ್ನಿಸಿದೆ. ಮಗಳು ಆಫೀಸಿಗೆ ರಜೆ ಹಾಕಿದ್ದಳು, ಆದರೆ ಊಟಕ್ಕೆ ಬರಲಿಲ್ಲ. ಗರಾಜಿನಲ್ಲಿ ಹಳೆಯ ಪೆಟ್ಟಿಗೆಗಳನ್ನು ಎಳೆದು ಜೋಡಿಸುತ್ತಿದ್ದಳು. ದಡ್ ದಡ್ ಅಂತ ಸದ್ದು ಗೋಡೆಯ ಮೂಲಕ ಬರುತ್ತಲೇ ಇತ್ತು.

ಸಾರ್ಜೆಂಟ್ ಬಂದಳು. ಈ ಸಲ ಒಳಗೆ ಬರಲಿಲ್ಲ, ಕಾರಿನ ಹತ್ತಿರವೇ ನಿಂತು ನನ್ನ ಕಡೆ ಕೈ ಬೀಸಿದಳು. ನನ್ನ ಹತ್ತಿರ ಬರಲು ಹೆದರಿಕೆ ಇತ್ತೋ ಏನೋ, ಪಾಪ. ಮೊಮ್ಮಗಳು ನನ್ನ ಕಾಲಿಗೆ ನಮಸ್ಕಾರ ಮಾಡಿ ಎದ್ದು ಗರಾಜಿನ ಬಾಗಿಲ ಕಡೆ ನೋಡಿದಳು.

"ಅಮ್ಮ ಬರ್ತಾಳಾ?"

"ನೀನೇ ಬೇಡ ಅಂದ್ಯಲ್ಲ."

"ನಾಳೆಗೆ ಬೇಡ ಅಂದೆ. ಇವತ್ತಿಗೆ ಹೇಳ್ಳಿಲ್ಲ."

"ಹೋಗಿ ಕರಿ."

ತಲೆಯಾಡಿಸಿದಳು, ಇಲ್ಲ ಅಂತ. ಅಪ್ಪಟ ತಾಯಿಯ ಹಠ. ನಾನು ಗರಾಜಿಗೆ ಹೋಗಿ, "ಹುಡುಗಿ ಹೊರಟಿದ್ದಾಳೆ" ಅಂದೆ. ಮಗಳು ಒಂದು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. "ನೀನು ಕಳಿಸಿಕೊಡು, ನಿನಗೆ ಅಭ್ಯಾಸ ಇದೆ" ಅಂದಳು. ಹುಡುಗಿ ಕಾರಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತಳು. ಸಾರ್ಜೆಂಟ್ ಗಡಿಯಾರ ನೋಡಿದರೂ ಅವಸರ ಮಾಡಲಿಲ್ಲ. ಕೊನೆಗೆ ಹುಡುಗಿ ಹತ್ತಿದಳು. ಬೀದಿಯ ತಿರುವಿನಲ್ಲಿ ಕಾರು ಮರೆಯಾಗುತ್ತಿದ್ದಂತೆ ಗರಾಜಿನಲ್ಲಿ ಸದ್ದು ನಿಂತಿತು.

ಸಂಜೆ ಮಗಳು ಊಟಕ್ಕೆ ಬಂದಳು. ನಿಂತುಕೊಂಡೇ ಬಿಸಿಬೇಳೆಬಾತನ್ನು ತಟ್ಟೆಯಲ್ಲಿ ಆ ಕಡೆ ಈ ಕಡೆ ಸರಿಸಿದಳು. ನಡುನಡುವೆ ಫೋನು ತೆಗೆದು ನೋಡುವಳು, ಇಡುವಳು. ಬಗ್ಗಿ ನೋಡಿದೆ. ನನಗೆ ಇಂಗ್ಲಿಷ್ ಓದಲು ಬರದಿದ್ದರೂ ಮ್ಯಾಪಿನಲ್ಲಿ ದಾರಿಯ ನೀಲಿ ಗೆರೆ ಗೊತ್ತಾಗುತ್ತದೆ. ಅದು ಎಮರಿವಿಲ್ಲಿನ ಕಡೆ ಹೋಗುವ ಗೆರೆ ಆಗಿರಲಿಲ್ಲ, ತಿರುಗಿ ಕೆಳಗೆ, ಸ್ಯಾನ್ ಹೋಸೆಯ ಕಡೆಗೆ ಹೋಗಿತ್ತು.

"ನಾಳೆ ಎಷ್ಟು ಹೊತ್ತಿಗೆ ಹೊರಡೋಣ?" ಅಂದೆ.

"ನಾನು ಆಫೀಸಿಗೆ ಹೋಗ್ತೀನಿ."

"ಹುಡುಗಿ ಪ್ರಮಾಣ ಮಾಡ್ತಾಳೆ."

"ಬರಬೇಡ ಅಂದಿದ್ದಾಳೆ. ಇಪ್ಪತ್ತೆರಡು ವರ್ಷ ಸಾಕಿದ್ದಕ್ಕೆ ಅಷ್ಟು ಶುದ್ಧ ಕನ್ನಡ ಅದೊಂದೇ ಸಲ ಬಂತು ಅವಳ ಬಾಯಲ್ಲಿ."

"ಹಾಲು ಬೇಡ ಅಂತಿದ್ಲು, ಸ್ಕೂಲು ಬೇಡ ಅಂತಿದ್ಲು. ಆಗ ಕೇಳಿದ್ವಾ?"

"ಅಮ್ಮ, ನಾನು ಅಲ್ಲಿ ಹೋಗಿ ನಿಂತು ಅವಳು ಕೈ ಎತ್ತೋದನ್ನ ನೋಡಿದ್ರೆ, ನಾನೂ ಒಪ್ಪಿದ ಹಾಗೆ ಆಗತ್ತೆ. ನಾಳೆ ಅವಳಿಗೆ ಏನಾದ್ರೂ ಆದ್ರೆ? ನಾನೇ ನಿಂತು ಕಳಿಸಿದೆ ಅಂತ ಆಗತ್ತೆ."

"ನೀನು ಹೋಗದೇ ಇದ್ದು ಏನಾದ್ರೂ ಆದ್ರೆ?"

ಮಗಳು ತಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು. ಬಹಳ ದಿನದ ಮೇಲೆ ಅವಳು ಕುರ್ಚಿಯಲ್ಲಿ ಕೂತದ್ದು ಆಗಲೇ. ಅಳಲಿಲ್ಲ. ಕೈ ಒಣಗುವವರೆಗೆ ಹಾಗೇ ಇದ್ದು, "ನಾಳೆ ಆಡಿಟ್ ಮೀಟಿಂಗ್ ಇದೆ" ಅಂತ ಹೇಳಿ ಎದ್ದು ಹೋದಳು. ಮಾತಿನಿಂದ ಆಗುವುದಿದ್ದರೆ ಅಷ್ಟು ದಿನದಲ್ಲಿ ಆಗಬೇಕಿತ್ತು.

ಮಾರನೆಯ ಬೆಳಗ್ಗೆ ನಾನು ಅವಳಿಗಿಂತ ಮುಂಚೆ ಎದ್ದು ಸ್ನಾನ ಮಾಡಿ ರೇಷ್ಮೆ ಸೀರೆ ಉಟ್ಟೆ. ಮೇಲೆ ಸ್ವೆಟರ್ ಹಾಕಿದೆ. ಬಾಗಿಲ ಪಕ್ಕದ ಮೊಳೆಯಿಂದ ಕಾರಿನ ಬೀಗದ ಕೈ ತೆಗೆದುಕೊಂಡು ಹೊರಗೆ ಹೋದೆ. ಗುಂಡಿ ಒತ್ತಿದರೆ ಬಾಗಿಲು ತೆಗೆಯುತ್ತದೆ, ಅಷ್ಟು ಗೊತ್ತು. ಓಡಿಸುವವರ ಸೀಟಿನಲ್ಲಿ ಹತ್ತಿ ಕೂತೆ.

ಬಹಳ ಹೊತ್ತಿನ ಮೇಲೆ ಮಗಳು ಬಂದಳು. ಆಫೀಸಿನ ಬಟ್ಟೆ, ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು. ನನ್ನನ್ನು ನೋಡಿ ನಿಂತಳು.

"ಅಮ್ಮ, ಇಳಿ."

"ಇಳಿಯಲ್ಲ."

"ನನಗೆ ಲೇಟಾಗತ್ತೆ."

"ಅವಳಿಗೂ ಲೇಟಾಗತ್ತೆ."

"ನಿನಗೆ ಡ್ರೈವಿಂಗ್ ಬರಲ್ಲ."

"ಹಾರನ್ ಬರತ್ತೆ," ಅಂದು ಎರಡು ಕೈಯಿಂದ ಒತ್ತಿದೆ. ಇಡೀ ಬೀದಿಗೆ ಕೇಳಿತು. ಎದುರು ಮನೆಯವನು ಪರದೆ ಸರಿಸಿದ. ಪಕ್ಕದ ಮನೆ ನಾಯಿ ಶುರು ಮಾಡಿತು. ಇಲ್ಲಿಯ ಜನ ಬೆಳಗ್ಗೆ ಹಾರನ್ ಕೇಳಿದರೆ ಯಾರೋ ಸತ್ತರು ಅಂದುಕೊಳ್ಳುತ್ತಾರೆ. ನಾನು ಕೈ ಎತ್ತಲಿಲ್ಲ.

"ಅಮ್ಮ, ಬಿಡು. ಪೊಲೀಸ್ ಕರೀತಾರೆ."

"ಕರೀಲಿ. ಅವರಿಗೇ ಹೇಳ್ತೀನಿ, ನನ್ನ ಸ್ಯಾನ್ ಹೋಸೆಗೆ ಬಿಡಿ ಅಂತ."

ಅವಳು ಕಾರಿನ ಕಿಟಕಿಗೆ ಹಣೆ ಆನಿಸಿ ನಿಂತಳು. ಗಾಜಿನ ಮೇಲೆ ಅವಳ ಉಸಿರು ಮಬ್ಬಾಗಿ ಹರಡಿತು. ಆಮೇಲೆ ಹಿಂದಿನ ಬಾಗಿಲು ತೆಗೆದು ಲ್ಯಾಪ್‌ಟಾಪ್ ಬ್ಯಾಗನ್ನು ಒಳಗೆ ಎಸೆದಳು.

"ಆಯ್ತು, ಇಳಿ. ಸ್ಯಾನ್ ಹೋಸೆ."

ಕೈ ಎತ್ತಿದೆ. ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತೆ. ಈಗಿನ ಕಾರುಗಳಿಗೆ ಬೀಗದ ಕೈ ತಿರುಗಿಸುವುದು ಬೇಡ, ಒಳಗೆ ಎಲ್ಲಿದ್ದರೂ ಹೊರಡುತ್ತವೆ. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಂಡು, ಫ್ರೀವೇ ಹತ್ತುವಾಗ ಅವಳು ಎಮರಿವಿಲ್ಲಿನ ಕಡೆ ತಿರುಗಿಸುತ್ತಾಳೋ ಸ್ಯಾನ್ ಹೋಸೆಯ ಕಡೆಗೋ ಅಂತ ನೋಡುತ್ತಾ ಕೂತೆ.